ಹಿಂದಕ್ಕೆ ತೆಗೆದಾಗ ಮಾತ್ರ ಬರುವ ಸದ್ದು: ಒಂದು ಕಾರಿನ ಪ್ರಕರಣ

ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು ಎಂಬ ತೀರ್ಪು ಆಗಲೇ ಬಿದ್ದಿತ್ತು. ಕಾರು ನನ್ನ ಬಳಿಗೆ ಬಂದದ್ದು ಇನ್ನೊಬ್ಬರೂ ಒಮ್ಮೆ ನೋಡಲಿ ಎಂಬ ಕಾರಣಕ್ಕೆ. ಐದು ಗೇರುಗಳ, ಕ್ಲಚ್ ಪೆಡಲ್ ಇರುವ, ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಎಂಜಿನ್ ಅಡ್ಡಲಾಗಿ ಕೂತಿದೆ, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಓಟ ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಮುಂದಕ್ಕೆ ಓಡಿಸುವಾಗ ಯಾವ ದೂರೂ ಇಲ್ಲ. ಹಿಂದಕ್ಕೆ ತೆಗೆದರೆ ಮಾತ್ರ ಸದ್ದು.

ಎಂಥ ಸದ್ದು ಎಂದು ಕೇಳಿದೆ. ಮಾಲೀಕರು ಸ್ವಲ್ಪ ಯೋಚಿಸಿ, “ಗುಂಯ್ ಎಂದು ಕೂಗುತ್ತದೆ. ಹೊರಡುವಾಗ ಒಳಗಿಂದ ಯಾರೋ ಗುದ್ದಿದ ಹಾಗಾಗುತ್ತದೆ. ಗೇರು ಹಾಕುವಾಗ ಒಮ್ಮೊಮ್ಮೆ ಕರ್ರ್ ಎನ್ನುತ್ತದೆ. ಬ್ರೇಕ್ ಒತ್ತಿದರೆ ಟಕ್ ಎನ್ನುತ್ತದೆ. ಒಟ್ಟಿನಲ್ಲಿ ರಿವರ್ಸ್ ಗೇರು ಹೋಗಿದೆ ಅಂತ ಹೇಳಿದ್ದಾರೆ” ಎಂದರು.

ಆ ‘ಒಟ್ಟಿನಲ್ಲಿ’ ಎಂಬಲ್ಲೇ ತನಿಖೆ ದಾರಿ ತಪ್ಪಿತ್ತು. ನಾಲ್ಕು ಸದ್ದುಗಳಿಗೆ ಒಂದೇ ಹೆಸರಿಟ್ಟು, ಆ ಹೆಸರನ್ನೇ ಕಾರಣ ಎಂದು ಒಪ್ಪಿಕೊಂಡಾಗಿತ್ತು. ರಿವರ್ಸ್‌ನಲ್ಲಿ ಕೇಳುವ ಸದ್ದು ರಿವರ್ಸ್ ಗೇರಿನದೇ ಆಗಿರಬೇಕೆಂದೇನೂ ಇಲ್ಲ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ದಿಕ್ಕು ಬದಲಾದಾಗ ಏನೇನು ಬದಲಾಗುತ್ತದೆ

ಕಾರಿನಲ್ಲಿ ಭಾರ ಹೊರುವ ಯಾವ ಭಾಗವೂ ಎಲ್ಲ ಕಡೆಯಿಂದಲೂ ಒಂದೇ ಸಮನೆ ಭಾರ ಹೊರುವುದಿಲ್ಲ. ಗೇರಿನ ಹಲ್ಲಿಗೆ ಎರಡು ಮುಖಗಳಿವೆ. ಮುಂದಕ್ಕೆ ಎಳೆಯುವಾಗ ಒಂದು ಮುಖ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಜೊತೆಗಿರುತ್ತದೆ. ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ಗಳ ತುದಿಯಲ್ಲಿರುವ ಸಿವಿ ಜಾಯಿಂಟ್‌ನ ಗುಂಡುಗಳು ತಮ್ಮ ತೋಡಿನ ಒಂದು ಪಕ್ಕಕ್ಕೆ ಒತ್ತಿಕೊಂಡು ಸುತ್ತುತ್ತವೆ. ಬ್ರೇಕ್ ಪ್ಯಾಡ್ ತನ್ನ ಚೌಕಟ್ಟಿನ ಒಂದು ಅಂಚಿಗೆ ಆತುಕೊಂಡು ಕೂರುತ್ತದೆ. ಎಂಜಿನ್ ಹೊತ್ತ ರಬ್ಬರ್ ಮೌಂಟ್‌ಗಳಲ್ಲಿ ಒಂದು ಪಕ್ಕ ಒತ್ತಿಸಿಕೊಳ್ಳುತ್ತದೆ, ಇನ್ನೊಂದು ಪಕ್ಕ ಎಳೆಸಿಕೊಳ್ಳುತ್ತದೆ.

ರಿವರ್ಸ್‌ಗೆ ಹಾಕಿದ ಕ್ಷಣ ಇವೆಲ್ಲವೂ ಏಕಕಾಲಕ್ಕೆ ಮಗ್ಗುಲು ಬದಲಿಸುತ್ತವೆ. ವರ್ಷಗಟ್ಟಲೆ ಒಂದೇ ಪಕ್ಕಕ್ಕೆ ಒರಗಿದ್ದ ಭಾಗಗಳು ಇದ್ದಷ್ಟು ಸಡಿಲವನ್ನೂ ದಾಟಿ ಇನ್ನೊಂದು ಪಕ್ಕಕ್ಕೆ ಹೋಗಿ ತಗಲುತ್ತವೆ. ಮುಂದಕ್ಕೆ ಹೋಗುವಾಗ ಮುಚ್ಚಿಕೊಂಡಿದ್ದ ಬಿರುಕು ಹಿಂದಕ್ಕೆ ಹೋಗುವಾಗ ಬಾಯಿ ತೆರೆಯಬಹುದು. ಆದ್ದರಿಂದ ಇಂಥ ದೂರು ಬಂದಾಗ ನಾನು ರಿವರ್ಸ್ ಗೇರಿಗೆ ಏನಾಗಿದೆ ಎಂದು ಹುಡುಕಲು ಹೊರಡುವುದಿಲ್ಲ. ಇಷ್ಟು ದಿನ ಒಂದೇ ಪಕ್ಕಕ್ಕೆ ಆತುಕೊಂಡಿದ್ದು ಈಗ ಮಗ್ಗುಲು ಬದಲಿಸಿದ ಭಾಗ ಯಾವುದು ಎಂದು ಹುಡುಕುತ್ತೇನೆ. ಮೊದಲನೆಯ ದಾರಿ ನೇರವಾಗಿ ಗೇರ್‌ಬಾಕ್ಸಿಗೆ ಒಯ್ಯುತ್ತದೆ. ಎರಡನೆಯದು ಇಡೀ ಕಾರಿನ ಸುತ್ತ ಒಂದು ಸುತ್ತು ಹಾಕಿಸುತ್ತದೆ, ಆದರೆ ಖರ್ಚು ಕಡಿಮೆ.

ಇನ್ನೊಂದು ಮಾತು. ಯಾವ ಕಾರೇ ಆಗಲಿ, ಅದರ ಒಟ್ಟು ಓಟದಲ್ಲಿ ಹಿಂದಕ್ಕೆ ಹೋದ ಪಾಲು ಅತಿ ಸಣ್ಣದು. ಓಡಿ ಓಡಿ ರಿವರ್ಸ್ ಗೇರು ಸವೆಯುವುದು ಅಪರೂಪ. ಅದು ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಗೇರು ಹಾಕುವ ರೀತಿಯಿಂದ: ಕರ್ರ್ ಎನಿಸಿ ಎನಿಸಿ ಹಲ್ಲಿನ ತುದಿ ಉದುರುತ್ತದೆ. ಆಗ ಕೇಳುವುದು ಕೂಗಲ್ಲ. ಸುತ್ತಿಗೊಮ್ಮೆ ಕಟ್, ಕಟ್ ಎನ್ನುವ ಲಯಬದ್ಧ ಏಟು. ಕೆಲವೊಮ್ಮೆ ಗೇರು ತಾನಾಗಿಯೇ ಹೊರಬೀಳುತ್ತದೆ. ಈ ಕಾರಿನಲ್ಲಿ ಅವೆರಡೂ ಇರಲಿಲ್ಲ.

ಸದ್ದು ಯಾವುದರ ಬೆನ್ನು ಹತ್ತಿದೆ

ಮಾಲೀಕರು ಮೊಬೈಲಿನಲ್ಲಿ ಸದ್ದನ್ನು ಹಿಡಿದುಕೊಂಡು ಬಂದಿದ್ದರು. ಇಂಥ ಧ್ವನಿಮುದ್ರಣಗಳನ್ನು ನಾನು ಬೇಡ ಎನ್ನುವುದಿಲ್ಲ, ಪೂರ್ತಿ ನಂಬುವುದೂ ಇಲ್ಲ. ಮೊಬೈಲ್ ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡ ಸದ್ದನ್ನು ಕುಗ್ಗಿಸಿಬಿಡುತ್ತದೆ. ಸದ್ದು ಎಲ್ಲಿಂದ ಬಂತು ಎಂಬುದನ್ನಂತೂ ಹೇಳುವುದೇ ಇಲ್ಲ. ತಾಳವನ್ನು ಮಾತ್ರ ನಂಬಬಹುದು. ಆ ಮುದ್ರಣದಲ್ಲಿ ಗುದ್ದಿನ ಸದ್ದು ಕಾರು ಹೊರಡುವ ಹೊತ್ತಿಗೆ ಬಂದು ನಿಲ್ಲುತ್ತಿತ್ತು. ಕೂಗು ಮಾತ್ರ ಕಾರು ಚಲಿಸುತ್ತಿರುವಷ್ಟು ಹೊತ್ತೂ ಇತ್ತು. ಎರಡೂ ಒಂದೇ ಜಾಗದಿಂದ ಬರುತ್ತಿಲ್ಲ ಎನ್ನುವುದಕ್ಕೆ ಅಷ್ಟು ಸಾಕಾಗಿತ್ತು.

ಖಾಲಿ ಜಾಗದಲ್ಲಿ ಕಾರನ್ನು ತೆಗೆದುಕೊಂಡು ಹೊರಟೆವು. ಹಿಂದೆ ಯಾರೂ ಸುಳಿಯದಂತೆ ನೋಡಿಕೊಳ್ಳಲು ಒಬ್ಬ ಹುಡುಗನನ್ನು ದೂರದಲ್ಲಿ ನಿಲ್ಲಿಸಿದ್ದೆ. ಸದ್ದನ್ನು ಕೇಳುವ ಗುಂಗಿನಲ್ಲಿರುವವನಿಗೆ ಕನ್ನಡಿ ನೋಡುವುದು ಮರೆತುಹೋಗುತ್ತದೆ. ಕಿಟಕಿಗಳೆಲ್ಲ ಇಳಿಸಿದ್ದವು, ಫ್ಯಾನ್ ಬಂದ್.

ಕೂಗಿನಿಂದಲೇ ಶುರು ಮಾಡಿದೆ. ಅದು ಎಂಜಿನ್ನಿನ ವೇಗದ ಬೆನ್ನು ಹತ್ತಿದೆಯೋ, ಚಕ್ರದ ವೇಗದ ಬೆನ್ನು ಹತ್ತಿದೆಯೋ? ಗೇರಿನಲ್ಲಿರುವಾಗ ಎರಡೂ ಒಟ್ಟಿಗೇ ಏರುತ್ತವೆ, ಹಾಗಾಗಿ ಗೊತ್ತಾಗುವುದಿಲ್ಲ. ನಿಧಾನವಾಗಿ ಹಿಂದಕ್ಕೆ ಉರುಳುತ್ತಿರುವಾಗಲೇ ಕ್ಲಚ್ ಒತ್ತಿದೆ. ಎಂಜಿನ್ ಐಡ್ಲಿಂಗ್‌ಗೆ ಇಳಿಯಿತು, ಕೂಗು ತೆಳುವಾಯಿತು, ಆದರೆ ನಿಲ್ಲಲಿಲ್ಲ. ನ್ಯೂಟ್ರಲ್‌ಗೆ ತಂದೆ. ಪೂರ್ತಿ ನಿಂತಿತು, ಕಾರು ಇನ್ನೂ ಉರುಳುತ್ತಲೇ ಇತ್ತು. ಚಕ್ರದ ಬೇರಿಂಗ್ ಅಥವಾ ಟೈರ್ ಕಾರಣವಾಗಿದ್ದರೆ ನ್ಯೂಟ್ರಲ್‌ನಲ್ಲೂ ಕೂಗು ಮುಂದುವರಿಯಬೇಕಿತ್ತು. ಹಾಗಾಗಿ ಕೂಗು ರಿವರ್ಸ್ ಗೇರಿನದೇ. ಅಷ್ಟರಮಟ್ಟಿಗೆ ಮೊದಲು ನೋಡಿದವರು ಹೇಳಿದ್ದು ಸರಿ. ಆದರೆ ಅದು ರೋಗವೇ?

ನೇರ ಹಲ್ಲಿನ ಗೇರು ಕೂಗಲೇಬೇಕು

ಇಂಥ ಗೇರ್‌ಬಾಕ್ಸಿನಲ್ಲಿ ಮುಂದಿನ ಐದೂ ಗೇರುಗಳ ಹಲ್ಲುಗಳು ಓರೆಯಾಗಿ ಕೊರೆದವು. ಅವು ಸದಾಕಾಲ ಜೋಡಿಯೊಡನೆ ಕಚ್ಚಿಕೊಂಡೇ ಇರುತ್ತವೆ. ನಾವು ಗೇರು ಬದಲಿಸಿದಾಗ ಸರಿಯುವುದು ಹಲ್ಲುಗಳಲ್ಲ, ವೇಗ ಹೊಂದಿಸಿ ಆ ಗೇರನ್ನು ಶಾಫ್ಟಿಗೆ ಬಿಗಿಯುವ ಸಿಂಕ್ರೊನೈಸರಿನ (ಸಿಂಕ್ರೊ) ಬಳೆ. ರಿವರ್ಸ್‌ನ ವ್ಯವಸ್ಥೆ ಬೇರೆ. ಎರಡು ಗೇರುಗಳ ನಡುವೆ ಐಡ್ಲರ್ ಎಂಬ ಮೂರನೆಯ ಪುಟ್ಟ ಗೇರು ಸರಿದು ಬಂದು ಸೇರಿಕೊಳ್ಳುತ್ತದೆ. ನಡುವೆ ಒಂದು ಗೇರು ಹೆಚ್ಚಾದ್ದರಿಂದ ತಿರುಗುವ ದಿಕ್ಕು ಬದಲಾಗುತ್ತದೆ; ಕಾರು ಹಿಂದಕ್ಕೆ ಹೋಗುತ್ತದೆ. ಹೀಗೆ ಪಕ್ಕದಿಂದ ಸರಿದು ಕಚ್ಚಿಕೊಳ್ಳಬೇಕಾದ ಗೇರಿಗೆ ನೇರವಾದ ಹಲ್ಲೇ ಅನುಕೂಲ. ತಯಾರಿಕೆಯೂ ಸುಲಭ.

ಓರೆ ಹಲ್ಲುಗಳು ಕಚ್ಚಿಕೊಳ್ಳುವಾಗ ಒಂದು ತುದಿಯಲ್ಲಿ ಶುರುವಾದ ಸ್ಪರ್ಶ ಇನ್ನೊಂದು ತುದಿಯವರೆಗೆ ಜಾರುತ್ತಾ ಹೋಗುತ್ತದೆ. ಒಂದು ಜೋಡಿ ಬಿಡುವ ಮುನ್ನವೇ ಇನ್ನೆರಡು ಜೋಡಿಗಳು ಭಾರ ಹಂಚಿಕೊಂಡಿರುತ್ತವೆ. ನೇರ ಹಲ್ಲು ಹಾಗಲ್ಲ. ತನ್ನ ಪೂರ್ತಿ ಅಗಲದಲ್ಲಿ ಒಮ್ಮೆಲೇ ತಗಲುತ್ತದೆ, ಒಮ್ಮೆಲೇ ಬಿಡುತ್ತದೆ. ಅಂಗೈಗಳನ್ನು ಉಜ್ಜುವುದಕ್ಕೂ ಚಪ್ಪಾಳೆ ತಟ್ಟುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಆ ಚಪ್ಪಾಳೆಗಳನ್ನು ಲೆಕ್ಕ ಹಾಕಬಹುದು. ಟೈರಿನ ಸುತ್ತಳತೆ ಸುಮಾರು 1.8 ಮೀಟರ್ ಎಂದುಕೊಳ್ಳಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದೂವರೆ ಸುತ್ತು ಸುತ್ತುತ್ತದೆ. ಕೊನೆಯ ಹಂತದ ಗೇರು ಅನುಪಾತ 4 ಇದ್ದರೆ, ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಸೆಕೆಂಡಿಗೆ ಆರು ಸುತ್ತು. ಅದರ ಮೇಲಿರುವ ರಿವರ್ಸ್ ಗೇರಿಗೆ 40 ಹಲ್ಲುಗಳಿದ್ದರೆ ಸೆಕೆಂಡಿಗೆ ಸುಮಾರು 240 ಬಾರಿ ಹಲ್ಲಿಗೆ ಹಲ್ಲು ತಗಲುತ್ತದೆ. ಅದು ಏಟಿನ ಸದ್ದಾಗಿ ಕೇಳುವುದಿಲ್ಲ, ಒಂದು ಸ್ವರವಾಗಿ ಕೇಳುತ್ತದೆ. ವೇಗ ಅರ್ಧವಾದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಸಂಗೀತದ ಕಿವಿ ಇರುವ ಯಾರೂ ಇದನ್ನು ಪರೀಕ್ಷಿಸಿ ನೋಡಬಹುದು. ಕೂಗು ಹೀಗೆ ವೇಗದೊಂದಿಗೆ ನುಣುಪಾಗಿ ಏರಿ ಇಳಿಯುತ್ತಿದ್ದರೆ, ನಡುವೆ ಕರಕರ ಇಲ್ಲದಿದ್ದರೆ, ಕಾರು ಹೊಸದಾಗಿದ್ದಾಗಲೂ ಅದೇ ಕೂಗು ಇದ್ದಿರುತ್ತದೆ. ರಿವರ್ಸ್‌ಗೂ ಓರೆ ಹಲ್ಲು ಮತ್ತು ಸಿಂಕ್ರೊ ಇರುವ ಗೇರ್‌ಬಾಕ್ಸ್‌ಗಳೂ ಇವೆ, ಅವು ಬಹುಮಟ್ಟಿಗೆ ಮೌನಿಗಳು. ಅಂಥ ಕಾರಿನಿಂದ ಈ ಕಾರಿಗೆ ಬಂದವರಿಗೆ ಕೂಗು ಹೊಸ ರೋಗದಂತೆ ತೋರುವುದು ಸಹಜ.

ಬರಿಯ ತರ್ಕದಿಂದ ಗೇರ್‌ಬಾಕ್ಸನ್ನು ನಿರ್ದೋಷಿ ಎಂದು ಬಿಟ್ಟುಬಿಡಬಾರದು. ಎಣ್ಣೆ ಇಳಿಸಿ ನೋಡಿದೆ. ಅಳತೆ ಸರಿಯಾಗಿತ್ತು. ಡ್ರೈನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಪೇಸ್ಟ್ ಅಂಟಿಕೊಂಡಿತ್ತು. ಬೆರಳಿನ ನಡುವೆ ತಿಕ್ಕಿದರೆ ಕಾಡಿಗೆಯ ಹಾಗೆ ಹರಡಿತು, ಯಾವ ಚೂರೂ ಚುಚ್ಚಲಿಲ್ಲ. ಲಕ್ಷ ಕಿಲೋಮೀಟರ್ ಓಡಿದ ಗೇರ್‌ಬಾಕ್ಸಿನಲ್ಲಿ ಅಷ್ಟು ಪುಡಿ ಇರುವುದು ಸಹಜ. ಹಲ್ಲು ಉದುರಿದ್ದರೆ ಹೊಳೆಯುವ ಚಕ್ಕೆಗಳು ಸಿಗಬೇಕಿತ್ತು.

ಗೇರು ಹಾಕುವಾಗಿನ ಕರ್ರ್ ಸದ್ದಿಗೂ ಇದೇ ಐಡ್ಲರ್ ಕಾರಣ. ಅದಕ್ಕೆ ಸಿಂಕ್ರೊ ಇಲ್ಲ. ಕ್ಲಚ್ ಒತ್ತಿದ ಮೇಲೂ ಒಳಗಿನ ಶಾಫ್ಟ್ ತನ್ನ ರಭಸಕ್ಕೆ ಒಂದೆರಡು ಸೆಕೆಂಡು ಸುತ್ತುತ್ತಲೇ ಇರುತ್ತದೆ. ಸುತ್ತುತ್ತಿರುವ ಹಲ್ಲಿಗೆ ನಿಂತ ಹಲ್ಲನ್ನು ಒತ್ತಿದರೆ ಕರ್ರ್ ಎನ್ನದೆ ಇನ್ನೇನು? ಮಾಲೀಕರನ್ನೇ ಕೂರಿಸಿ ಗೇರು ಹಾಕಲು ಹೇಳಿದೆ. ಕಾರು ಮುಂದಕ್ಕೆ ಇನ್ನೂ ತೆವಳುತ್ತಿರುವಾಗಲೇ ಅವರ ಕೈ ರಿವರ್ಸ್ ಕಡೆಗೆ ಹೋಗಿತ್ತು. ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಮೂರ್ನಾಲ್ಕು ಸೆಕೆಂಡು ತಡೆದು ಹಾಕಿದರೆ ಸದ್ದೇ ಇಲ್ಲ. ಅವಸರವಿದ್ದರೆ ಮೊದಲು ಒಂದು ಮುಂದಿನ ಗೇರಿಗೆ ಹಾಕಿ ತೆಗೆದು ಆಮೇಲೆ ರಿವರ್ಸ್‌ಗೆ ಹಾಕಬಹುದು. ಆ ಗೇರಿನ ಸಿಂಕ್ರೊ ಶಾಫ್ಟನ್ನು ತಡೆದು ನಿಲ್ಲಿಸಿಕೊಡುತ್ತದೆ. ಅಷ್ಟು ಕಾದ ಮೇಲೂ ಕರ್ರ್ ಎನ್ನುತ್ತಿದ್ದರೆ ನನ್ನ ಅನುಮಾನ ಗೇರಿನ ಮೇಲಲ್ಲ, ಕ್ಲಚ್ಚಿನ ಮೇಲೆ ಬೀಳುತ್ತಿತ್ತು: ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ, ಹೈಡ್ರಾಲಿಕ್ ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರ್ ಸೋರುತ್ತಿದೆ ಎಂದು. ಇಲ್ಲಿ ಅದರ ಗೊಡವೆ ಬೇಕಾಗಲಿಲ್ಲ.

ಬ್ರೇಕ್ ಒತ್ತಿದಾಗಿನ ಟಕ್ ಬೇಗ ಬಗೆಹರಿಯಿತು. ಹಿಂದಕ್ಕೆ ತೆಗೆದು ಬ್ರೇಕ್ ಒತ್ತಿದರೆ ಟಕ್. ಮತ್ತೆ ಹಿಂದಕ್ಕೆ ಹೋಗಿ ಒತ್ತಿದರೆ ಇಲ್ಲ. ಮುಂದಕ್ಕೆ ಹೋಗಿ ಒತ್ತಿದರೆ ಮತ್ತೆ ಟಕ್, ಇನ್ನೊಮ್ಮೆ ಒತ್ತಿದರೆ ಇಲ್ಲ. ದಿಕ್ಕು ಬದಲಾದ ಮೇಲಿನ ಮೊದಲ ಬ್ರೇಕಿಗೆ ಮಾತ್ರ ಒಂದೇ ಒಂದು ಸದ್ದು ಎಂದರೆ ಪ್ಯಾಡ್ ತನ್ನ ಚೌಕಟ್ಟಿನೊಳಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತಿದೆ ಎಂದರ್ಥ. ಸರಿಯಲು ಒಂದಿಷ್ಟು ಜಾಗ ಬಿಟ್ಟೇ ಅದನ್ನು ಮಾಡಿರುತ್ತಾರೆ. ಈ ಕಾರಿನಲ್ಲಿ ಪ್ಯಾಡ್ ಅಲುಗದಂತೆ ಹಿಡಿಯುವ ಸ್ಪ್ರಿಂಗ್ ತಗಡು ಎಡಗಡೆ ಬಳಲಿಹೋಗಿತ್ತು. ಹೊಸದು ಹಾಕಿ, ಜಾರುವ ಜಾಗಗಳನ್ನು ಉಜ್ಜಿ, ಬ್ರೇಕಿಗೆಂದೇ ಇರುವ ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿದೆ. ಡಿಸ್ಕಿಗೂ ಪ್ಯಾಡಿಗೂ ಅದು ತಾಗಬಾರದು ಎಂದು ಬೇರೆ ಹೇಳಬೇಕಿಲ್ಲ.

ಗುದ್ದು

ಉಳಿದದ್ದು ಒಂದು ಸದ್ದು, ಅದೇ ನಿಜವಾದ ಕಾಯಿಲೆ. ಕ್ಲಚ್ ಬಿಡುತ್ತಾ ಕಾರು ಹಿಂದಕ್ಕೆ ಹೊರಡುವ ಕ್ಷಣದಲ್ಲಿ ಪಾದದ ಕೆಳಗೆ ಧಡ್ ಎಂದು ಒಂದು ಏಟು, ಅದರ ಬೆನ್ನಿಗೇ ಝರ್ರ್ ಎಂದು ತಗಡು ನಡುಗಿದ ಸದ್ದು. ಸಮತಟ್ಟಾದ ನೆಲದಲ್ಲಿ ಒಂದೇ ಏಟು. ಹಿಂಬದಿ ಏರಿರುವ ಇಳಿಜಾರಿನಲ್ಲಿ, ಅಂದರೆ ಕಾರನ್ನು ಹಿಂದಕ್ಕೆ ಮೇಲೇರಿಸುವಾಗ, ಧಡಧಡ ಎಂದು ಇಡೀ ಡ್ಯಾಶ್‌ಬೋರ್ಡ್ ಅಲುಗಾಡುತ್ತಿತ್ತು. ಕಾರು ಒಮ್ಮೆ ಉರುಳಿಕೊಂಡಿತೆಂದರೆ ಸದ್ದು ಮಾಯ.

ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಬಲಕ್ಕೆ ಪೂರ್ತಿ ತಿರುಗಿಸಿ ವೃತ್ತಾಕಾರವಾಗಿ ಹಿಂದಕ್ಕೆ ಓಡಿಸಿದೆ. ಹೊರಗಿನ ಸಿವಿ ಜಾಯಿಂಟ್ ಸವೆದಿದ್ದರೆ ಆಗ ಟಕಟಕಟಕ ಎಂದು ಚಕ್ರದ ವೇಗಕ್ಕೆ ತಕ್ಕಂತೆ ಸದ್ದು ಬರುತ್ತದೆ. ಬರಲಿಲ್ಲ. ಚಕ್ರದ ಒಳಮೈಗೆ ಗ್ರೀಸ್ ಎರಚಿದ ಗುರುತಿಲ್ಲ, ರಬ್ಬರ್ ಬೂಟುಗಳು ಹರಿದಿಲ್ಲ. ಡಿಸ್ಕಿನ ಹಿಂದಿನ ಧೂಳುತಗಡಿಗೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದೂ ನೋಡಿದೆ. ಸಿಕ್ಕರೆ ಅದರ ಕಿರುಚಾಟ ಕೇಳುವವರ ಎದೆ ನಡುಗಿಸುತ್ತದೆ, ಮುಂದಕ್ಕೆ ಹಿಂದಕ್ಕೆ ಒಂದೆರಡು ಸಲ ಓಡಾಡಿಸಿದರೆ ಕಲ್ಲು ಎಷ್ಟೋ ಸಲ ತಾನೇ ಉದುರಿ ಬೀಳುತ್ತದೆ. ಆದರೆ ಅದೂ ಚಕ್ರದ ಬೆನ್ನು ಹತ್ತುವ ಸದ್ದು. ಈ ಗುದ್ದು ಚಕ್ರವನ್ನೂ ಹಿಂಬಾಲಿಸುತ್ತಿರಲಿಲ್ಲ, ಸ್ಟಿಯರಿಂಗನ್ನೂ ಹಿಂಬಾಲಿಸುತ್ತಿರಲಿಲ್ಲ. ಹಿಂಬಾಲಿಸುತ್ತಿದ್ದುದು ಎಂಜಿನ್ ಎಷ್ಟು ಬಲ ಹಾಕುತ್ತಿದೆ ಎಂಬುದನ್ನು.

ಎಂಜಿನ್ ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಚಕ್ರ ಎಂಜಿನ್ನನ್ನು ಅದರ ವಿರುದ್ಧ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಅಡ್ಡಲಾಗಿ ಕೂತ ಎಂಜಿನ್ನಿನ ತಲೆ ಮುಂದಕ್ಕೆ ಹೊರಟಾಗ ಹಿಂದಕ್ಕೆ, ಅಂದರೆ ಕೂರುವ ಜಾಗದ ಕಡೆಗೆ, ವಾಲುತ್ತದೆ. ರಿವರ್ಸ್‌ನಲ್ಲಿ ರೇಡಿಯೇಟರಿನ ಕಡೆಗೆ ವಾಲುತ್ತದೆ. ಈ ವಾಲುವಿಕೆಯನ್ನು ಹಿಡಿದು ನಿಲ್ಲಿಸುವುದು ರಬ್ಬರ್ ಮೌಂಟ್‌ಗಳ ಕೆಲಸ, ಅದರಲ್ಲೂ ಕೆಳಗೆ ಎಂಜಿನ್ನಿಗೂ ಚೌಕಟ್ಟಿಗೂ ನಡುವೆ ಅಡ್ಡಕ್ಕೆ ಕಟ್ಟಿರುವ ಗಿಡ್ಡ ತೋಳಿನ ಕೆಲಸ. ಎರಡೂ ತುದಿಯಲ್ಲಿ ರಬ್ಬರ್ ಬುಷ್ ಇರುವ ಈ ತೋಳನ್ನು ಕೆಲವರು ಟಾರ್ಕ್ ರಾಡ್ ಎನ್ನುತ್ತಾರೆ, ಕೆಲವರು ಕೆಳಗಿನ ಮೌಂಟ್ ಎಂದಷ್ಟೇ ಹೇಳುತ್ತಾರೆ.

ಅದರ ಮೇಲೆ ಬೀಳುವ ಬಲ ಸಣ್ಣದಲ್ಲ. ಹೊರಡುವಾಗ ಎಂಜಿನ್ 100 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತಿದೆ ಎಂದುಕೊಳ್ಳಿ. ರಿವರ್ಸ್ ಅನುಪಾತ 3.4, ಕೊನೆಯ ಹಂತದ್ದು 4 ಎಂದಾದರೆ ಚಕ್ರಗಳ ಕಡೆಗೆ ಹೋಗುವುದು 1,360. ಅಷ್ಟೇ ಬಲ ಎಂಜಿನ್ನನ್ನು ಅತ್ತ ಹೊರಳಿಸಲು ನೋಡುತ್ತದೆ. ಅರ್ಧ ಮೀಟರ್ ದೂರದಲ್ಲಿ ಒಂದೇ ತೋಳು ಅದನ್ನು ಹಿಡಿದುಕೊಂಡಿದ್ದರೆ ಆ ತೋಳಿನ ಮೇಲೆ ಕಾಲು ಟನ್ನಿಗೂ ಹೆಚ್ಚಿನ ಎಳೆತ. ಐದನೆಯ ಗೇರಿನಲ್ಲಿ ಅದೇ ಎಂಜಿನ್ ಅದೇ ಟಾರ್ಕ್ ಕೊಟ್ಟರೆ ಇದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಮೌಂಟಿನ ಹುಳುಕು ಬಯಲಾಗುವುದು ಒಂದನೆಯ ಗೇರಿನಲ್ಲಿ ಅಥವಾ ರಿವರ್ಸ್‌ನಲ್ಲಿ.

ಬಾನೆಟ್ ಎತ್ತಿ, ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಗಿದು, ಕಾಲು ಬ್ರೇಕನ್ನೂ ಒತ್ತಿಸಿ, ಒಳಗೆ ಕೂತವರಿಗೆ ಕ್ಲಚ್ಚನ್ನು ಕಚ್ಚುವ ಹಂತಕ್ಕೆ ಮಾತ್ರ ಬಿಟ್ಟು ಮತ್ತೆ ಒತ್ತಲು ಹೇಳಿದೆ. ಈ ಪರೀಕ್ಷೆ ಮಾಡುವವರು ಕಾರಿನ ಮುಂದೆಯೂ ಹಿಂದೆಯೂ ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಬೇಕು. ಹೆಚ್ಚು ಹೊತ್ತು ಮಾಡಿದರೆ ಕ್ಲಚ್ ಸುಟ್ಟುಕೊಳ್ಳುತ್ತದೆ. ಒಂದನೆಯ ಗೇರಿನಲ್ಲಿ ಎಂಜಿನ್ ಹಿಂದಕ್ಕೆ ತುಸು ಒರಗಿ ನಿಂತಿತು, ಒರಗಿದ್ದು ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು. ರಿವರ್ಸ್‌ಗೆ ಹಾಕಿ ಕ್ಲಚ್ ಬಿಟ್ಟಾಗ ಇಡೀ ಎಂಜಿನ್ ಮುಂದಕ್ಕೆ ಎದ್ದುಬಂತು. ಏರ್ ಫಿಲ್ಟರಿನ ಡಬ್ಬಿ ಎರಡು ಬೆರಳಿನಷ್ಟು ಮೇಲೆದ್ದು ಕೂತಿತು, ಕೆಳಗಿಂದ ಧಡ್ ಎಂದಿತು. ಒಳಗೆ ಕೂತಿದ್ದ ಮಾಲೀಕರು “ಇದೇ, ಇದೇ!” ಎಂದು ಕೂಗಿದರು.

ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೆಳಗೆ ಹೋದೆ. ಬರಿಯ ಜಾಕ್ ನಂಬಿ ಯಾರೂ ಕಾರಿನಡಿ ಹೋಗಬಾರದು. ಕೆಳಗಿನ ತೋಳಿನ ದೊಡ್ಡ ಬುಷ್ ಮೊದಲ ನೋಟಕ್ಕೆ ಗಟ್ಟಿಯಾಗಿಯೇ ಕಂಡಿತು. ಸನ್ನೆಕೋಲು ಕೊಟ್ಟು ಒಂದು ಕಡೆಗೆ ಮೀಟಿದೆ, ಏನೂ ಇಲ್ಲ. ಇನ್ನೊಂದು ಕಡೆಗೆ ಮೀಟಿದಾಗ ಬಾಯಿ ತೆರೆಯಿತು. ನಡುವಿನ ಉಕ್ಕಿನ ಕೊಳವೆಯಿಂದ ರಬ್ಬರ್ ಅರ್ಧ ಸುತ್ತಿನಷ್ಟು ಬಿಟ್ಟುಕೊಂಡಿತ್ತು. ಬಿರುಕಿನ ಒಳಮೈ ಕನ್ನಡಿಯಂತೆ ನುಣುಪಾಗಿತ್ತು, ಅಂದರೆ ನಿನ್ನೆ ಮೊನ್ನೆಯ ಹರುಕಲ್ಲ. ಮುಂದಕ್ಕೆ ಎಳೆಯುವಾಗ ಆ ಬಿರುಕು ಮುಚ್ಚಿಕೊಂಡು ರಬ್ಬರ್ ಹೇಗೋ ಭಾರ ಹೊರುತ್ತಿತ್ತು. ಹಿಂದಕ್ಕೆ ಎಳೆಯುವಾಗ ಬಿರುಕು ತೆರೆದು, ಕೊಳವೆ ನೇರವಾಗಿ ಹೊರಗಿನ ಲೋಹಕ್ಕೆ ಬಡಿಯುತ್ತಿತ್ತು. ಗುದ್ದು ಅದೇ. ಎಂಜಿನ್ ಹಾಗೆ ಎದ್ದಾಗ ಅದರೊಡನೆ ಸೈಲೆನ್ಸರಿನ ಮುಂದಿನ ಕೊಳವೆಯೂ ಸರಿದು ಮೇಲಿನ ಶಾಖತಗಡಿಗೆ ತಾಗುತ್ತಿತ್ತು. ತಾಗುವ ಜಾಗದಲ್ಲಿ ತುಕ್ಕು ಉಜ್ಜಿಹೋಗಿ ಹೆಬ್ಬೆರಳಿನಗಲ ಬೆಳ್ಳಗೆ ಹೊಳೆಯುತ್ತಿತ್ತು. ಝರ್ರ್ ಎಂಬ ಸದ್ದಿನ ವಿಳಾಸ ಅಲ್ಲಿ ಸಿಕ್ಕಿತು.

ಮೊದಲು ನೋಡಿದವರಿಗೆ ಇದು ಏಕೆ ಕಾಣಲಿಲ್ಲ? ಅವರು ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಚಕ್ರಗಳು ಗಾಳಿಯಲ್ಲಿರುವಾಗ ರಿವರ್ಸ್‌ಗೆ ಹಾಕಿ ಕೇಳಿದ್ದರು ಎಂದು ಮಾಲೀಕರು ಹೇಳಿದರು. ಗಾಳಿಯಲ್ಲಿ ತಿರುಗುವ ಚಕ್ರ ಎಂಜಿನ್ನಿಗೆ ಯಾವ ಎದುರು ಬಲವನ್ನೂ ಕೊಡುವುದಿಲ್ಲ. ಮೌಂಟಿಗೆ ಭಾರವೇ ಬೀಳುವುದಿಲ್ಲ, ಗುದ್ದು ಬರುವುದೇ ಇಲ್ಲ. ಅಲ್ಲಿ ಉಳಿಯುವುದು ಗೇರಿನ ಕೂಗು ಮಾತ್ರ. ನಾಲ್ಕು ಸದ್ದುಗಳಲ್ಲಿ ತಪ್ಪಿತಸ್ಥನನ್ನು ಹೊರಗೆ ಕಳಿಸಿ ನಿರಪರಾಧಿಯೊಬ್ಬನನ್ನೇ ಎದುರಿಗೆ ನಿಲ್ಲಿಸಿಕೊಂಡ ವಿಚಾರಣೆ ಅದು. ಅವರ ಕಿವಿ ತಪ್ಪಲಿಲ್ಲ, ಪರೀಕ್ಷೆ ನಡೆದ ಜಾಗ ತಪ್ಪಿತು. ಭಾರ ಬಿದ್ದಾಗ ಬರುವ ಸದ್ದನ್ನು ಭಾರ ಹಾಕಿಯೇ ಕೇಳಬೇಕು.

ಬೇರೆ ಬಗೆಯ ಕಾರಾಗಿದ್ದರೆ

ಹಿಂದಿನ ಚಕ್ರಗಳು ತಳ್ಳುವ ಕಾರಾಗಿದ್ದರೆ ನಾನು ಮೊದಲು ಹಿಡಿದು ಅಲುಗಿಸುತ್ತಿದ್ದುದು ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು. ಅದರ ತುದಿಯ ಯೂನಿವರ್ಸಲ್ ಜಾಯಿಂಟ್ ಸವೆದಿದ್ದರೆ ದಿಕ್ಕು ಬದಲಿಸಿದಾಗಲೆಲ್ಲ ಢಣ್ ಎನ್ನುತ್ತದೆ; ಒಳಗಿನ ಸೂಜಿ ಬೇರಿಂಗ್ ಒಣಗಿದ್ದರೆ ನಿಧಾನವಾಗಿ ಹಿಂದಕ್ಕೆ ಹೋಗುವಾಗ ಕೀಚ್ ಕೀಚ್ ಎನ್ನುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಲಿವರ್ ಅನ್ನು ರಿವರ್ಸ್‌ಗೆ ತಂದಾಗ ಸಣ್ಣದೊಂದು ತಟ್ಟು ಸಹಜ. ತಂದ ಮೇಲೆ ಒಂದೆರಡು ಸೆಕೆಂಡು ಏನೂ ಆಗದೆ ಆಮೇಲೆ ಜೋರಾಗಿ ಗುದ್ದಿದರೆ ಟ್ರಾನ್ಸ್‌ಮಿಷನ್ ಎಣ್ಣೆಯ ಮಟ್ಟವನ್ನೂ ಒತ್ತಡವನ್ನೂ ನೋಡಬೇಕು; ಅನೇಕ ಆಟೊಮ್ಯಾಟಿಕ್‌ಗಳಲ್ಲಿ ರಿವರ್ಸ್‌ಗೆ ಬೇಕಾಗುವ ಒತ್ತಡ ಮುಂದಿನ ಗೇರುಗಳಿಗಿಂತ ಹೆಚ್ಚು, ಹಾಗಾಗಿ ಎಣ್ಣೆಯ ಕೊರತೆ ಅಲ್ಲೇ ಮೊದಲು ಕಾಣಿಸಿಕೊಳ್ಳಬಹುದು. ಆದರೆ ಅಲ್ಲೂ ಹರಿದ ಮೌಂಟ್ ಇದೇ ಗುದ್ದನ್ನು ಕೊಡುತ್ತದೆ, ಟ್ರಾನ್ಸ್‌ಮಿಷನ್ ಹೋಯಿತು ಎಂಬ ಇದೇ ಗಾಬರಿಯನ್ನು ಹುಟ್ಟಿಸುತ್ತದೆ. ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ರಿವರ್ಸ್ ಗೇರೇ ಇರುವುದಿಲ್ಲ, ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಹಿಂದಕ್ಕೆ ಬರುವಾಗ ಅವು ಹೊರಡಿಸುವ ಗುಂಯ್‌ಗುಡುವಿಕೆ ಪಾದಚಾರಿಗಳ ಎಚ್ಚರಿಕೆಗಾಗಿ ಸ್ಪೀಕರಿನಿಂದ ಬಿಟ್ಟದ್ದು. ಯುರೋಪಿಯನ್ ಒಕ್ಕೂಟದಲ್ಲಿ 2019ರ ಜುಲೈನಿಂದ ಹೊಸ ಮಾದರಿಗಳಿಗೆ, 2021ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೆ ಅದು ಕಡ್ಡಾಯವಾಗಿದೆ. ಅದನ್ನು ರಿಪೇರಿ ಮಾಡಿ ಎಂದು ಕೇಳಿದವರೂ ಇದ್ದಾರೆ.

ರಿಪೇರಿ, ಮತ್ತು ಆಮೇಲೆ ಬಂದ ದೂರು

ಹೊಸ ಮೌಂಟ್ ಹಾಕುವ ಮುನ್ನ ಹಳೆಯದು ಏಕೆ ಹರಿಯಿತು ಎಂದು ನೋಡಬೇಕಿತ್ತು. ಬಿಚ್ಚಿ ಕೈಯಲ್ಲಿ ಹಿಡಿದರೆ ರಬ್ಬರ್ ಒಂದು ಪಕ್ಕದಲ್ಲಿ ಊದಿಕೊಂಡು ಮೆತ್ತಗಾಗಿತ್ತು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ನೈಸರ್ಗಿಕ ರಬ್ಬರಿಗೂ ಖನಿಜ ಎಣ್ಣೆಗೂ ಆಗಿಬರುವುದಿಲ್ಲ; ಎಣ್ಣೆ ಹೀರಿದ ರಬ್ಬರ್ ಊದಿ ಬಲ ಕಳೆದುಕೊಳ್ಳುತ್ತದೆ. ಮೇಲಕ್ಕೆ ಕಣ್ಣಾಡಿಸಿದಾಗ ಗೇರ್ ಬದಲಿಸುವ ಶಾಫ್ಟಿನ ಸೀಲ್ ಬೆವರುತ್ತಿತ್ತು. ಹನಿ ಹನಿಯಾಗಿ ಸೋರುವಷ್ಟಲ್ಲ, ನೆಲದ ಮೇಲೆ ಕಲೆ ಬೀಳುವಷ್ಟೂ ಅಲ್ಲ. ಧೂಳಿನೊಂದಿಗೆ ಬೆರೆತು ಕಪ್ಪಗೆ ಹೆಪ್ಪುಗಟ್ಟಿ, ನಿಧಾನವಾಗಿ ಕೆಳಗಿನ ಬುಷ್‌ನ ಮೇಲೆ ಇಳಿದಿತ್ತು. ಗೇರ್‌ಬಾಕ್ಸಿನ ಎಣ್ಣೆಯ ಅಳತೆ ಸರಿಯಾಗಿಯೇ ಇದ್ದುದರಿಂದ ಇದರ ಸುಳಿವು ಅಲ್ಲಿ ಸಿಕ್ಕಿರಲಿಲ್ಲ. ಸೀಲ್ ಬದಲಿಸದೆ ಮೌಂಟ್ ಮಾತ್ರ ಹಾಕಿದ್ದರೆ ಇದೇ ಗುದ್ದು ಇದೇ ಕಾರಿನಲ್ಲಿ ಮತ್ತೆ ಕೇಳಿಸುತ್ತಿತ್ತು.

ಹೊಸ ತೋಳನ್ನು ಕೂರಿಸುವಾಗ ಒಂದು ಸೂಕ್ಷ್ಮವಿದೆ. ಎಂಜಿನ್ನನ್ನು ಜಾಕಿನಿಂದ ಎತ್ತಿ ಹಿಡಿದಿರುವಾಗಲೇ ಬೋಲ್ಟುಗಳನ್ನು ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಜಾಕ್ ಇಳಿಸಿದ ಮೇಲೆ ಅದು ಸದಾ ತಿರುಚಿಕೊಂಡೇ ಇರಬೇಕಾಗುತ್ತದೆ, ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಜಾಕ್ ತೆಗೆದು, ಎಂಜಿನ್ ತನ್ನ ತೂಕಕ್ಕೆ ತಾನು ಕೂರುವಂತೆ ಬಿಟ್ಟು, ಆಮೇಲೆ ಟಾರ್ಕ್ ಸ್ಪ್ಯಾನರಿನಿಂದ ತಯಾರಕರು ಹೇಳಿದ ಬಿಗಿತಕ್ಕೆ ಬಿಗಿದೆ. ಸೈಲೆನ್ಸರಿನ ಮುಂದಿನ ಕೊಳವೆ ತಾನಾಗಿಯೇ ತಗಡಿನಿಂದ ದೂರ ಸರಿದಿತ್ತು. ಇಳಿಜಾರಿನಲ್ಲಿ ಹಿಂದಕ್ಕೆ ಏರಿಸಿ ನೋಡಿದೆವು. ಗುದ್ದೂ ಇಲ್ಲ, ಝರ್ರ್ ಕೂಡ ಇಲ್ಲ.

ಕೆಲವು ದಿನಗಳಲ್ಲೇ ಮಾಲೀಕರು ಮತ್ತೆ ಬಂದರು. “ಗುದ್ದು ಹೋಗಿದೆ, ಆದರೆ ಕೂಗು ಮೊದಲಿಗಿಂತ ಜಾಸ್ತಿಯಾಗಿದೆಯಲ್ಲ?” ಜಾಸ್ತಿಯಾಗಿರಲಿಲ್ಲ. ಅದನ್ನು ಮುಚ್ಚಿಕೊಂಡಿದ್ದ ದೊಡ್ಡ ಸದ್ದು ಹೋಗಿ ಅದೊಂದೇ ಉಳಿದಿತ್ತು. ಒಮ್ಮೆ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಕೇಳಿಸಿಕೊಂಡ ಕಿವಿ ಅದನ್ನೇ ಹುಡುಕುತ್ತಿತ್ತು. ಬಾಯಿಮಾತಿನಲ್ಲಿ ಸಮಾಧಾನ ಹೇಳುವುದು ನನಗೆ ಸರಿಕಾಣಲಿಲ್ಲ. ಅದೇ ಮಾದರಿಯ, ಇದರ ಅರ್ಧದಷ್ಟೂ ಓಡಿರದ ಇನ್ನೊಂದು ಕಾರು ಸರ್ವೀಸಿಗೆ ಬಂದಿತ್ತು. ಅದರ ಮಾಲೀಕರ ಒಪ್ಪಿಗೆ ಕೇಳಿ, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಕ್ಕೆ ಓಡಿಸಿದೆ. ಅದೇ ಸ್ವರ, ಅದೇ ಏರಿಳಿತ. ಅವರು ನಕ್ಕು, “ಹಾಗಾದರೆ ಇದು ಇದರ ಜಾತಿಗುಣ” ಎಂದು ಇಳಿದರು.

ಉಳಿದ ಎರಡು ಮೌಂಟ್‌ಗಳಲ್ಲಿ ಸದ್ಯಕ್ಕೆ ಹರುಕಿಲ್ಲ, ಆದರೆ ಒಂದು ಮೌಂಟ್ ಸೋತಷ್ಟು ಕಾಲವೂ ಅದರ ಪಾಲಿನ ಭಾರ ಇವುಗಳ ಮೇಲೆ ಬಿದ್ದಿದೆ. ಅವುಗಳನ್ನೂ ಸೀಲಿನ ಸುತ್ತಲನ್ನೂ ಮುಂದಿನ ಸರ್ವೀಸಿನಲ್ಲಿ ತಪ್ಪದೆ ನೋಡಬೇಕೆಂದು ಕಾರಿನ ಸರ್ವೀಸ್ ಪುಸ್ತಕದಲ್ಲಿ ಬರೆದುಕೊಟ್ಟಿದ್ದೇನೆ.